ಹೆಡ್ಡಿಗಿಟ್ಟ ಬೊಟ್ಟು

ನನ್ನ ಓದು ಮೂರನೇ ಕ್ಲಾಸು. ಆದರೂ ಮುಳಬಾಗಿಲಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸ್ಪೂಲಿನ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹನ್ನೆರಡು ವರ್ಷ ಜನರ ಹಾಡು ಹಿಡಿದೆ. ಲಾರಿಗಳ ಸದ್ದು ಬಾರದಿರಲಿ ಎಂದು ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದೆ. ಮೆಷಿನ್ ಕೆಟ್ಟರೆ ನೋಡುತ್ತಿದ್ದವನು ರೇಡಿಯೋ ರಿಪೇರಿಯ ಜಾನ್ ಪಾಷಾ. ಅವನು ನನಗೆ ಕಲಿಸಿದ್ದು ಒಂದೇ ಪಾಠ: ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನು ದಿನಾ ಬೆಳಿಗ್ಗೆ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಬೇಕು. ಉಗುರಿನಷ್ಟು ಲೋಹದ ತುಂಡು ಅದು, ಧ್ವನಿಯೆಲ್ಲ ಅದರ ಮೇಲೇ ನಿಂತಿದೆ.

ಎಂಬತ್ತೊಂದರ ಆಯುಧ ಪೂಜೆಯಲ್ಲಿ ಮೆಷಿನ್ನಿಗೆ ಅರಿಶಿನ ಕುಂಕುಮ ಇಟ್ಟೆ. ಮುಚ್ಚಳ ತೆಗೆದು ಆ ಹೆಡ್ಡಿಗೂ ಕುಂಕುಮ ಕಲಸಿ ಒಂದು ಬೊಟ್ಟಿಟ್ಟೆ. ಧ್ವನಿ ಹುಟ್ಟುವ ಜಾಗ, ಅದನ್ನು ಬಿಟ್ಟು ಇನ್ನೆಲ್ಲಿ ಇಡಲಿ ಅನ್ನಿಸಿತ್ತು. ಪೂಜೆಯ ಕುಂಕುಮವನ್ನು ನಮ್ಮ ಮನೆಯಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ನಾನೂ ಒರೆಸಲಿಲ್ಲ.

ಹಬ್ಬವಾದ ಎರಡನೇ ದಿನ, ಶುಕ್ರವಾರ, ದೇವರಾಯಸಮುದ್ರದ ಮುತ್ಯಾಲಮ್ಮ ಮಗಳು ಭಾರತಮ್ಮನ ಜೊತೆ ಬಂದಳು. ಸುತ್ತಲ ಊರುಗಳ ಮದುವೆಗಳಲ್ಲಿ ತೆಲುಗು ಹಾಡು ಹೇಳುತ್ತಿದ್ದವಳು. ಗಂಟಲಲ್ಲಿ ಗಡ್ಡೆಯಾಗಿತ್ತು. ಸೋಮವಾರ ಬೆಂಗಳೂರಲ್ಲಿ ಆಪರೇಷನ್, ಆಮೇಲೆ ಮಾತೇ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

"ಹಾಡೆಲ್ಲ ನಿನ್ನ ಹತ್ರ ಬಿಟ್ಟು ಹೋಗ್ತೀನಿ ಗಂಗುಲಣ್ಣ," ಅಂದಳು. "ಮೊಮ್ಮಕ್ಕಳ ಮದುವೇಲಿ ನಾನು ಮೂಗಿ ಥರ ಕೂತಿರ್ತೀನಿ, ನಿನ್ನ ಡಬ್ಬಾ ಹಾಡ್ಲಿ."

"ಹಂಗಾದ್ರೆ ಎಲೆ ಅಡಿಕೇನೂ ಡಬ್ಬಾಗೇ ಕೊಡ್ತಾರೆ ಕಣಮ್ಮ," ಎಂದು ಮಗಳು ನಗಿಸಿದಳು.

ಮುತ್ಯಾಲಮ್ಮ ಎರಡು ಗಂಟೆ ಹಾಡಿದಳು, ನಡುನಡುವೆ ಬಿಸಿನೀರು ಕುಡಿಯುತ್ತ, ಒಂದು ಕೈ ಕತ್ತಿನ ಮೇಲಿಟ್ಟುಕೊಂಡು. ಧ್ವನಿ ಸ್ವಲ್ಪ ಒಡೆದಿತ್ತು, ಆದರೆ ಚೆನ್ನಾಗಿತ್ತು. ನನ್ನ ಕಿವಿಯಾರೆ ಕೇಳಿದ್ದೇನೆ. ಮೀಟರಿನ ಮುಳ್ಳು ಆಡುತ್ತಿತ್ತು, ಅಷ್ಟು ಸಾಕೆಂದು ಸುಮ್ಮನಿದ್ದೆ. ಮುಗಿದ ಮೇಲೆ ಹಿಂದಕ್ಕೆ ಸುತ್ತಿ ಹಾಕಿದರೆ, ಕಂಬಳಿ ಹೊದ್ದು ಗೊಣಗಿದ ಹಾಗೆ ಬಂತು.

ಮುತ್ಯಾಲಮ್ಮ ನನ್ನ ಮುಖ ನೋಡಿದಳು. "ಏನ್ ನಾಯನಾ, ನಂದು ಹಿಂಗಾ ಕೇಳಿಸ್ತೈತೆ?"

ಕುಂಕುಮ ನೆನಪಿಗೆ ಬಂತು. ಬಾಯಿಗೆ ಬಂದದ್ದು ಬೇರೆ. "ಕಂಠ ಆಗ್ಲೇ ಹೋಗೈತಮ್ಮ. ಮೆಷಿನ್ ಏನ್ ಮಾಡ್ತದೆ?"

ಅವಳು ಮೆಲ್ಲಗೆ ತಲೆಯಾಡಿಸಿದಳು. "ನಿನ್ನ ಟೇಪು ದಂಡ ಮಾಡ್ದೆ," ಎಂದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಪಾಷಾನನ್ನು ಕರೆಸಿದೆ. ಮುಚ್ಚಳ ತೆಗೆದವನೇ ನಕ್ಕ. "ಅರೆ, ಹೆಡ್ಡಿಗೆ ಮದ್ವೆ ಮಾಡ್ಸಿದ್ಯೇನ್ಲಾ?" ಹತ್ತಿಯೆಲ್ಲ ಕೆಂಪಾಯಿತು. ಹಳೇ ಟೇಪೊಂದನ್ನು ಹಾಕಿದ. ಧ್ವನಿ ಗಾಜಿನ ಹಾಗೆ ಬಂತು. ಮುತ್ಯಾಲಮ್ಮನ ವಿಷಯ ಹೇಳಿ ಅವಳ ಟೇಪನ್ನೂ ಹಾಕಿಸಿದೆ; ಅದು ಹಿಡಿದದ್ದೇ ಹಾಗೆ, ಈಗಲೂ ಗೊಣಗಿತು. ನಗುವುದನ್ನು ನಿಲ್ಲಿಸಿದ.

"ಇವತ್ತು ಶನಿವಾರ. ನಾಳೆ ಪೂರ್ತಿ ಐತೆ. ಹೋಗಿ ಕರ್ಕೊಂಡ್ ಬಾರೋ. ತಪ್ಪು ನಂದೇ ಅಂದ್ರೆ ನಾಲಿಗೆ ಸವೆದ್ ಹೋಗ್ತದಾ?"

ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕೂತೆ. ದೇವರಾಯಸಮುದ್ರದ ಕಡೆಗೆ ಮೂರು ಬಸ್ಸು ಹೋದವು. ಊರಲ್ಲಿ ನನ್ನನ್ನು ರೆಕಾರ್ಡಿಂಗ್ ಗಂಗುಲಪ್ಪ ಎಂದು ಕರೆಯುತ್ತಿದ್ದರು. ಆ ಹೆಸರು ಹೋಗಿ ಜನ ಏನೆಂದು ನಗುತ್ತಾರೋ ಅನ್ನುವುದೊಂದೇ ತಲೆಯಲ್ಲಿ. ವಾಪಸು ಬಂದು, ಅವರು ಆಗಲೇ ಬೆಂಗಳೂರಿಗೆ ಹೊರಟುಹೋಗಿದ್ದಾರೆ ಎಂದು ಪಾಷಾನಿಗೆ ಹೇಳಿದೆ.

ಸಂಕ್ರಾಂತಿ ಹೊತ್ತಿಗೆ ತಾಯಿ ಮಗಳು ಮತ್ತೆ ಬಂದರು. ಮುತ್ಯಾಲಮ್ಮನ ಕತ್ತಿಗೆ ಬಿಳೀ ಬಟ್ಟೆ. ಒಂದು ಚೀಲ ಅವರೆಕಾಯಿ ನನ್ನ ಮುಂದಿಟ್ಟು ಕೈಮುಗಿದಳು.

"ಟೇಪು ಹಾಳ್ಮಾಡ್ದೆ ಅಂತ ಅಮ್ಮಂಗೆ ಒಂದೇ ಸಂಕಟ ಗಂಗುಲಣ್ಣ," ಅಂದಳು ಭಾರತಮ್ಮ. "ಕಂಠ ಹೋಗೈತೆ ಅಂತ ನೀನು ಅಂದ್ಮೇಲೆ ಆ ಎರಡು ದಿನ ಮನೇಲೂ ಹಾಡ್ಲಿಲ್ಲ. ಮಕ್ಕಳು ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ."

ಆಗಲಾದರೂ ಹೇಳಬಹುದಿತ್ತು. ಮುತ್ಯಾಲಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಪರವಾಗಿಲ್ಲಮ್ಮ, ಬಿಡು," ಅಂದೆ.

ಅವಳ ಮುಖ ಹಗುರವಾಯಿತು. ಇನ್ನೊಮ್ಮೆ ಕೈಮುಗಿದು ಮಗಳ ಭುಜ ಹಿಡಿದು ಮೆಟ್ಟಿಲಿಳಿದಳು. ಚೀಲವನ್ನು ಒಳಗೆ ಹೆಂಡತಿಯ ಕೈಗೆ ಕೊಟ್ಟೆ. ಅವತ್ತು ಅವರೆಕಾಳಿನ ಸಾರು ಮಾಡಿದಳು. ನಾನು ಎರಡು ಮುದ್ದೆ ಉಂಡೆ.