ಮೀನು ಹಿಡಿದು ನಿಂತವರು

“ನಡುಗಬೇಡ್ವೋ ಬೋಳಿಮಗನೆ! ನೀನು ನಡುಗಿದ್ರೆ ಮೀನಿಗೆ ಗಾಬರಿಯಾಗುತ್ತೆ!”

ದಡದ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಸಾಹೇಬ ಕೂಗಿದ. ಬೈಸಿಕೊಂಡವರು ನನ್ನ ಮಾವ. ಬೆಳಗಿನಿಂದ ಅವರು ಸೊಂಟಮಟ್ಟದ ನೀರಿನಲ್ಲಿ ಬಾಗಿ ನಿಂತಿದ್ದರು. ಅವರ ತೋಳಿನ ಮೇಲೆ ಮೀನಿನ ತಲೆ, ನನ್ನ ಗಂಡನ ತೋಳಿನ ಮೇಲೆ ಬಾಲ. ಉದ್ದಕ್ಕೆ ಮಲಗಿಸಿದರೆ ನಮ್ಮ ಮನೆಯೊಳಗೆ ಹಿಡಿಸದಂಥ ಮೀನು. ನೀರು ಹರಿದು ಬರುವ ಕಡೆಗೆ ಅದರ ಬಾಯಿ ತಿರುಗಿಸಿ ಹಿಡಿದಿರಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ಸಾಯುತ್ತದೆ. ಓಡಿಹೋಗದಂತೆ ಬಾಲದ ಬುಡಕ್ಕೆ ಬಟ್ಟೆಯ ಹಗ್ಗ ಸುತ್ತಿ ದಡದ ಗೂಟಕ್ಕೆ ಕಟ್ಟಿದ್ದೆವು.

“ಚಳಿ ಮೂಳೆಗಿಳಿದಿದೆ ಸಾಹೇಬ್ರೆ. ಒಂದು ಗಳಿಗೆ ಮೇಲೆ ಬಂದು ಬೆಂಕಿ ಕಾಯಿಸ್ಕೊಳ್ಲಾ?” ಎಂದರು ಮಾವ.

“ಅತಿಥಿಗಳು ಬರೋವರೆಗೂ ಕದಲಕೂಡ್ದು. ಮೀನು ಹೋದ್ರೆ ನಿನ್ನ ದೋಣೀನೂ ಹೋಯ್ತು, ತಿಳ್ಕೋ.”

ದೋಣಿಯ ಮಾತು ಬಂದ ಮೇಲೆ ಮಾವ ಮೀನಿನ ತಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಆ ಮೀನಿಗೆ ಒಬ್ಬ ಡಾಕ್ಟರೂ ಇದ್ದ. ಆಗಾಗ ನೀರಿಗಿಳಿದು ಕಿವಿರು ನೋಡಿ, ಬೆನ್ನು ಸವರಿ, “ಚೆನ್ನಾಗಿದೆ, ಚೆನ್ನಾಗಿದೆ” ಅನ್ನುತ್ತಿದ್ದ.

“ಡಾಕ್ಟ್ರೇ, ನಮ್ಮಪ್ಪನ್ನೂ ಒಂಚೂರು ನೋಡಿ. ತುಟಿ ನೀಲಿಯಾಗಿದೆ,” ಎಂದ ನನ್ನ ಗಂಡ.

“ನಾನು ಮೀನಿನ ಡಾಕ್ಟರಪ್ಪ,” ಎಂದು ಆತ ಮೀನಿನ ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿ ಹೋದ. ಸುಳ್ಳೇಕೆ ಹೇಳಲಿ, ಆ ಮೀನನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಈ ಜಾತಿಯ ದೊಡ್ಡ ಮೀನು ಅಳಿಯುತ್ತಿದೆ, ನದಿದಂಡೆಯವರು ತಿಂದು ತೇಗಿದ್ದೇ ಅದಕ್ಕೆ ಕಾರಣ ಎಂದು ಸಾಹೇಬನ ಮೀನುಗಾರಿಕೆ ಕಚೇರಿಯವರು ಕಂಡುಹಿಡಿದಿದ್ದರು. ಮೇಲ್ಗಡೆಯ ಕಾರ್ಖಾನೆಯಿಂದ ನದಿಗೆ ಕೊಳಕು ನೀರು ಬಿಡುವ ಕೊಳವೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕಾರ್ಖಾನೆಯ ಯಜಮಾನರೇ ಮೀನು ಉಳಿಸುವ ಸಂಘದ ಅಧ್ಯಕ್ಷರಾಗಿದ್ದರಿಂದ ಕೊಳವೆಯ ಕಡೆ ನೋಡುವುದು ಅವರಿಗೂ ಮುಜುಗರ. ಹಾಗಾಗಿ ನಮ್ಮ ದೋಣಿಗಳನ್ನು ಎಳೆದುಕೊಂಡು ಹೋದರು. ಆಮೇಲೆ ನೀರಿನೊಳಗೆ ಕ್ಯಾಮರಾ ಇಳಿಸಿ ತಿಂಗಳುಗಟ್ಟಲೆ ಹುಡುಕಿದರು. ಸಿಕ್ಕಿದ್ದು ಅವರೇ ಕಳೆದುಕೊಂಡ ಇನ್ನೊಂದು ಕ್ಯಾಮರಾ. ಕೊನೆಗೆ ಸಾಹೇಬ ನಮ್ಮ ಬಾಗಿಲಿಗೆ ಬಂದ: ಒಂದು ಮೀನು ಹಿಡಿದುಕೊಡಿ, ಅಧ್ಯಕ್ಷರು ತಮ್ಮ ಕೈಯಾರೆ ನದಿಗೆ ಬಿಡುತ್ತಾರೆ, ಅವತ್ತೇ ನಿಮ್ಮ ದೋಣಿ ವಾಪಸ್ಸು. ನದಿಯಲ್ಲೇ ಇರುವ ಮೀನನ್ನು ಹಿಡಿದು ನದಿಗೇ ಬಿಡುವುದು ಯಾಕೆಂದು ನಾವು ಕೇಳಲಿಲ್ಲ. ಮಾವ ಅವತ್ತೇ ದೋಣಿಗೆ ಬಳಿಯಲು ಡಾಂಬರು ತಂದು ಮೂಲೆಯಲ್ಲಿಟ್ಟರು.

“ಏಯ್ ಇವಳೇ, ಸುಮ್ನೆ ನಿಂತಿದ್ದೀಯಲ್ಲ, ಹೋಗಿ ವೇದಿಕೆ ಒರೆಸು,” ಎಂದ ಸಾಹೇಬ.

ಬಕೆಟ್ಟು ಹಿಡಿದು ಹೋದೆ. ವೇದಿಕೆಯ ಎರಡೂ ಬದಿಗೆ ಅರ್ಧರ್ಧ ದೋಣಿ ನೆಟ್ಟಗೆ ನಿಲ್ಲಿಸಿ, ದೀಪದ ಸರ ಸುತ್ತಿದ್ದರು. ಒಳಗೆ ಅಡ್ಡ ಹಲಗೆ ಬಡಿದು ಹೂದಾನಿ ಇಟ್ಟಿದ್ದರು. ಎಡಗಡೆಯ ತುಂಡಿನಲ್ಲಿ ಒಂದು ತಗಡಿನ ತೇಪೆ ಇತ್ತು. ಎಣ್ಣೆ ಡಬ್ಬಿ ಬಿಚ್ಚಿ, ಬೆರಳು ಜಜ್ಜಿಕೊಂಡು ನಾನೇ ಹೊಡೆದಿದ್ದ ತೇಪೆ ಅದು.

“ಇದು ನಮ್ಮ ದೋಣಿ ಸಾಹೇಬ್ರೆ.”

“ಹೌದು, ಅಲಂಕಾರಕ್ಕೆ ಬೇಕಾಗಿತ್ತು. ಎಂಥ ಮರ್ಯಾದೆ ಸಿಕ್ತು ನೋಡು ನಿಮ್ಮ ದೋಣಿಗೆ! ಈಗ ಬಾಯಿ ಮುಚ್ಕೊಂಡು ಒರೆಸು.”

ಒರೆಸಲಿಲ್ಲ. ಬಕೆಟ್ಟು ಅಲ್ಲೇ ಬಿಟ್ಟು ನೀರಿಗಿಳಿದೆ.

“ಮಾವ, ದೋಣಿ ಇಲ್ಲ. ಗರಗಸದಲ್ಲಿ ಕುಯ್ದು ವೇದಿಕೆಗೆ ನಿಲ್ಲಿಸಿದ್ದಾರೆ.”

ನನ್ನ ಗಂಡ ಸಾಹೇಬನ ಅಮ್ಮ, ಅಕ್ಕ, ಅಜ್ಜಿ ಯಾರನ್ನೂ ಬಿಡದೆ ಬೈದ. ಮಾವ ಮಾತ್ರ ಮೀನಿನ ಮುಖ ನೋಡಿದರು.

“ಹಗ್ಗ ಬಿಚ್ಚವ್ವ,” ಎಂದರು.

ಬಿಚ್ಚಿದೆ. ಮೀನು ಅವರ ತೋಳಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಾಲದಿಂದ ನನ್ನ ಗಂಡನಿಗೊಂದು ಬಾರಿಸಿ ಹೊರಟುಹೋಯಿತು.

ಅಷ್ಟರಲ್ಲಿ ಕಾರುಗಳು ಬಂದವು. ಸಾಹೇಬ ನೀರಿನಂಚಿಗೆ ಓಡಿಬಂದ.

“ಮೀನೆಲ್ಲೋ, ಸೂಳೆಮಗನೆ?”

“ನದೀಲಿದೆ ಸಾಹೇಬ್ರೆ. ಉಳ್ಕೊಂಡಿದೆ,” ಎಂದರು ಮಾವ.

ಸಾಹೇಬ ಕಾರುಗಳ ಕಡೆ ಒಮ್ಮೆ ತಿರುಗಿ ನೋಡಿದ. “ಕೈ ನೀರೊಳಗಿಟ್ಕೊಂಡು ಹಿಡಿದಂಗೇ ನಿಂತಿರಿ. ಹೆಚ್ಚುಕಮ್ಮಿ ಆದ್ರೆ ಚರ್ಮ ಸುಲೀತೀನಿ,” ಎಂದು ಪಿಸುಗುಟ್ಟಿದ. ಧೈರ್ಯ ಮಾಡಲು ಅವನಿಗೂ ಕಾರಣವಿತ್ತು. ಕಾರ್ಖಾನೆ ಬಿಟ್ಟ ನೀರಿನಲ್ಲಿ ಅಂಗೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ.

ಅಧ್ಯಕ್ಷರು ಎದೆಯವರೆಗಿನ ರಬ್ಬರ್ ಉಡುಪು ಹಾಕಿಕೊಂಡು, ಇಬ್ಬರ ಹೆಗಲು ಹಿಡಿದು ಇಳಿದುಬಂದರು. ಹಿಂದೆಯೇ ಕ್ಯಾಮರಾದವರು. ಅಧ್ಯಕ್ಷರು ನೀರಿನೊಳಗೆ ಕೈ ಹಾಕಿ ಮಾವನ ತೋಳನ್ನು ಮೆಲ್ಲಗೆ ಸವರಿದರು.

“ಅಯ್ಯೋ ಪಾಪ, ಎಷ್ಟು ತಣ್ಣಗಿದೆ!” ಅವರ ಕಣ್ಣು ಒದ್ದೆಯಾಯಿತು. “ಎಷ್ಟು ಒರಟು ಮೈ ನೋಡ್ರಿ. ಎಷ್ಟು ಕಷ್ಟಪಟ್ಟಿದೆಯೋ. ಇಂಥದ್ದನ್ನ ಉಳಿಸ್ಬೇಕು ರೀ, ಏನಾದ್ರೂ ಆಗ್ಲಿ ಉಳಿಸ್ಬೇಕು.”

ದಡದ ಮೇಲೆ ಚಪ್ಪಾಳೆ ಬಿತ್ತು.

“ಒಂದ್ಸಲ ಮೇಲೆತ್ತಿ, ಎಲ್ರೂ ನೋಡ್ಲಿ,” ಎಂದರು ಅಧ್ಯಕ್ಷರು.

ಸಾಹೇಬ ಬೇಡ ಬೇಡವೆಂದು ತಲೆಯಾಡಿಸಿದ. ಮಾವ ಅವನನ್ನೇ ನೋಡುತ್ತ ಎರಡೂ ತೋಳುಗಳನ್ನು ನೀರಿನಿಂದ ಮೇಲೆತ್ತಿದರು. ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ತೋಳುಗಳು, ಖಾಲಿ. ಒಂದರ ಮೇಲೆ ಅಧ್ಯಕ್ಷರ ಕೈ ಇನ್ನೂ ಸವರುತ್ತಲೇ ಇತ್ತು. ಕ್ಯಾಮರಾದವರು ಫೋಟೋ ತೆಗೆಯುವುದನ್ನು ನಿಲ್ಲಿಸಲಿಲ್ಲ.