ಬಿಸಿ ತತ್ತಿಯ ಆಕಾಶಯಾನ

ನಮ್ಮ ಮನೆಯಲ್ಲಿ ಕೋಳಿ ತತ್ತಿ ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಅದರ ಹೆಸರು ಕಿವಿಗೆ ಬಿದ್ದರೂ ನನ್ನವ್ವ ಕೊಟ್ರಮ್ಮ ಬಾಯಿ ಮುಕ್ಕಳಿಸುತ್ತಾಳೆ. ಅಂಥ ಮನೆಯ ಹುಡುಗಿ, ನನ್ನ ಮಗಳು ಗುರುಬಸಮ್ಮ, ಒಂದು ಸಂಜೆ ಸಿರುಗುಪ್ಪದ ಹೈಸ್ಕೂಲಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು.

"ಅಪ್ಪಾ, ನಂಗೊಂದು ಕೋಳಿ ತತ್ತಿ ಬೇಕು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಿಯಾಯಿತು. ನನ್ನ ಹೆಂಡತಿ ಸುವರ್ಣಮ್ಮ, "ಹುಡುಗಿಗೆ ಏನಾರ ಸೋಕೇತೇನು?" ಎಂದು ಹಣೆ ಮುಟ್ಟಿ ನೋಡಿದಳು.

ಸೋಕಿರಲಿಲ್ಲ. ಎಪ್ಪತ್ತಾರನೇ ಇಸವಿ ಅದು. ಹಿಂದಿನ ವರ್ಷ ನಮ್ಮ ದೇಶದ ಉಪಗ್ರಹ ಮೇಲಕ್ಕೆ ಹೋಗಿತ್ತಲ್ಲ, ಅಲ್ಲಿಂದ ಮೇಷ್ಟ್ರುಗಳಿಗೆಲ್ಲ ಆಕಾಶದ ಹುಚ್ಚು ಹಿಡಿದಿತ್ತು. ಬಳ್ಳಾರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಒಂದು ಸ್ಪರ್ಧೆ ಇಟ್ಟಿದ್ದರು. ಮಕ್ಕಳು ತಾವೇ ಒಂದು ಪೆಟ್ಟಿಗೆ ಮಾಡಿ, ಅದಕ್ಕೆ ಪ್ಯಾರಾಚೂಟು ಕಟ್ಟಿ, ಒಳಗೆ ಒಂದು ಹಸಿ ತತ್ತಿ ಕೂರಿಸಬೇಕು. ಆ ತತ್ತಿಯೇ ಪ್ರಯಾಣಿಕ. ದೊಡ್ಡ ಕಟ್ಟಡದ ಮಾಳಿಗೆಯಿಂದ ಬಿಟ್ಟಾಗ ತತ್ತಿ ಒಡೆಯಬಾರದು. ಒಡೆಯದವುಗಳಲ್ಲಿ ಯಾವುದು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೋ ಅದಕ್ಕೆ ಮೊದಲ ಬಹುಮಾನ. ಗೆದ್ದವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ನಿಂತ ವಿಮಾನದೊಳಗೆ ಹತ್ತಿಸಿ ಕೂರಿಸುತ್ತಾರಂತೆ.

ಗುರುಬಸಮ್ಮನಿಗೆ ಅದು ಬೇಕಿತ್ತು. ವಿಮಾನದ ಸದ್ದು ಕೇಳಿದರೆ ಸಾಕು, ಉಣ್ಣುವ ತಾಟು ಬಿಟ್ಟು ಅಂಗಳಕ್ಕೆ ಓಡುವ ಹುಡುಗಿ ಅವಳು. ಆದರೆ ಅವಳು ಕಂಡ ವಿಮಾನವೆಲ್ಲ ಒಂದು ಅಕ್ಕಿ ಕಾಳಿನಷ್ಟು. "ಒಂದ ಸಲ ಕೈಲೆ ಮುಟ್ಟಬೇಕಪ್ಪಾ" ಅಂದಳು. ಇನ್ನೇನು ಮಾಡುವುದು? ನಾನು ಒಪ್ಪಿದೆ.

ಅವ್ವ ಒಪ್ಪಲಿಲ್ಲ. "ದನದ ಕೊಟಗಿ ತನಕ ಬರಲಿ. ಹೊಸಲು ದಾಟಿದ್ರ ನಾ ಮಠಕ್ಕ ಹೋಗತೀನಿ" ಅಂದಳು.

ಹುಡುಗಿ ಯೂರಿಯಾ ಚೀಲದ ಒಳಗಿನ ತೆಳ್ಳನೆ ಪ್ಲಾಸ್ಟಿಕ್ ತೊಳೆದು ಪ್ಯಾರಾಚೂಟು ಮಾಡಿದಳು. ಬಿಸ್ಕತ್ತಿನ ರಟ್ಟಿನ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ, ನಡುವೆ ಅರಳೆಯ ಹಾಸಿಗೆ ಮಾಡಿದಳು. ನಮ್ಮಲ್ಲಿ ತತ್ತಿ ಇಲ್ಲವಲ್ಲ, ಹಾಗಾಗಿ ನಿಂಬೆಹಣ್ಣು, ಬದನೆಕಾಯಿ, ಎಲ್ಲವನ್ನೂ ಕೂರಿಸಿ ನಮ್ಮ ಮಾಳಿಗೆಯಿಂದ ಇಳಿಬಿಟ್ಟಳು. ಒಂದು ಬದನೆಕಾಯಿ ಡಬ್ಬಿಯಿಂದ ಹಾರಿ ಸೀದಾ ಮಜ್ಜಿಗೆ ಗಡಿಗೆಗೆ ಬಿತ್ತು. ನಾನು ಕೂಗಾಡಿದೆ. ಮರುದಿನ ಡಬ್ಬಿಗೆ ಮುಚ್ಚಳ ಬಂತು.

ಸ್ಪರ್ಧೆಯ ಹಿಂದಿನ ಸಂಜೆ ತತ್ತಿ ತರಲು ನಾನೇ ಹೋದೆ. ಹಿಂದಿನ ಓಣಿಯ ಮೂಕಮ್ಮ ಕೋಳಿ ಸಾಕಿದ್ದಾಳೆ. ಆಕೆ ಒಂದು ಕುಡಿಕೆಯಿಂದ ತತ್ತಿ ತೆಗೆದು ಕೊಟ್ಟಳು. ಮುಟ್ಟಿ ನೋಡಿದೆ, ತಣ್ಣಗಿತ್ತು.

"ನಂಗ ತಂಗಳು ಕೊಡತಿಯಾ?" ಎಂದೆ.

"ತತ್ತಿಗೆಂಥಾ ತಂಗಳು ಕೊಟ್ಟೂರಪ್ಪಣ್ಣಾ! ನಿನ್ನೆ ಇಟ್ಟದ್ದು ಅದು."

"ನಿನ್ನೆದು ಅಂದ್ರ ತಂಗಳೇ."

ಮೂಲೆಯಲ್ಲಿ ಒಂದು ಬುಟ್ಟಿ ಇತ್ತು. ಅದರಲ್ಲಿ ಒಂದು ಕೋಳಿ ಮೈ ಉಬ್ಬಿಸಿಕೊಂಡು ಕೂತಿತ್ತು. ಅದರ ಕೆಳಗೆ ಕೈ ಹಾಕಿದೆ. ಅದು ಕುಕ್ಕಿತು, ನಾನು ಬೈದೆ, ಒಂದು ತತ್ತಿ ಹೊರಗೆ ಬಂತು. ಬೆಚ್ಚಗಿತ್ತು. ಬಿಸಿಯಿದ್ದ ರೊಟ್ಟಿ ತಾನೇ ತಾಜಾ ರೊಟ್ಟಿ? ತತ್ತಿಯೂ ಹಾಗೇ ಇರಬೇಕು. ಇದು ಯಾರಿಗಾದರೂ ತಿಳಿಯುವ ಮಾತು.

"ಅಯ್ಯಯ್ಯ, ಅದು ಬ್ಯಾಡಣ್ಣಾ, ಅದು ಕಾವಿಗೆ..."

"ನಂಗ ಕೋಳಿ ಪಾಠ ಹೇಳಬ್ಯಾಡ! ಚಲೋದು ಮುಚ್ಚಿಟ್ಟು ತಂಗಳು ಮಾರತೀಯೇನು?" ಎಂದು ದುಡ್ಡು ಇಟ್ಟು ಬಂದುಬಿಟ್ಟೆ. ಮೂಕಮ್ಮ ಬಾಗಿಲಲ್ಲಿ ನಿಂತು ಏನೋ ಕೂಗುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ತತ್ತಿಯನ್ನು ಅರಳೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕೊಟ್ಟಿಗೆಯಲ್ಲಿ ಹುಲ್ಲಿನೊಳಗೆ ಹೂತಿಟ್ಟೆವು. ಬೆಳಿಗ್ಗೆ ಬಳ್ಳಾರಿ ಬಸ್ಸು. ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ಎರ್ರೆಪ್ಪನಿಗೆ ಹೇಳಿ ಡಬ್ಬಿಯನ್ನು ಇಂಜಿನ್ನಿನ ಬಾನೆಟ್ ಮೇಲೆ ಇಟ್ಟೆ. ಬಿಸಿಯಾಗಿಯೇ ಇರಲಿ, ತಾಜಾತನ ಹೋಗದಿರಲಿ ಎಂದು.

ಸಿರಿಗೇರಿ ಕ್ರಾಸ್ ದಾಟಿದ ಮೇಲೆ ಎರ್ರೆಪ್ಪ ಕಿವಿ ನಿಮಿರಿಸಿದ. "ಏಮಯ್ಯಾ, ಎಲ್ಲೋ ಚೀಂವ್ ಚೀಂವ್ ಅನ್ನಾಕ್ಹತ್ತೈತಲ್ಲಾ?"

"ಎಣ್ಣಿ ಹಾಕಿಲ್ಲ ನಿನ್ನ ಗಾಡಿಗೆ. ನಮ್ಮ ಬಂಡಿ ಗಾಲಿನೂ ಹಿಂಗ ಅನ್ನತೈತಿ" ಎಂದೆ.

ಅವನು ಬಸ್ಸು ನಿಲ್ಲಿಸಿ, ಕೆಳಗಿಳಿದು ಇಂಜಿನ್ ಎಲ್ಲ ಬಗ್ಗಿ ನೋಡಿ, ತಲೆ ಕೆರೆದುಕೊಂಡು ಹತ್ತಿದ. ಮತ್ತೆ ಚೀಂವ್ ಅಂತು.

"ಅಪ್ಪಾ, ಸೌಂಡ್ ಡಬ್ಬಿಯಾಗಿಂದ ಬರಾಕ್ಹತ್ತೈತಿ" ಅಂದಳು ಗುರುಬಸಮ್ಮ.

"ಸುಮ್ನ ಕುಂದ್ರು. ಡಬ್ಬಿಗೆ ಬಾಯಿ ಇರತೈತೇನು?"

ಬಳ್ಳಾರಿಯ ಆ ಶಾಲೆಯ ಅಂಗಳ ತುಂಬಾ ಮಕ್ಕಳು, ಮೇಷ್ಟ್ರುಗಳು. ತೀರ್ಪು ಕೊಡುವವರು ಗವಿಸಿದ್ದಪ್ಪ ಸಾಹೇಬರು, ವಾಯುಪಡೆಯಲ್ಲಿದ್ದು ನಿವೃತ್ತರಾದವರು, ದೊಡ್ಡ ಮೀಸೆ, ಕೈಯಲ್ಲಿ ಓಟದ ಹೊತ್ತು ಅಳೆಯುವ ಗಡಿಯಾರ. ಅಲ್ಲೇ ಕುರುಗೋಡಿನ ಮರಿಬಸಪ್ಪನೂ ಇದ್ದ. ಸುವರ್ಣಮ್ಮನ ತಮ್ಮ. ಅವನ ಮಗ ಹಾಲಸಿದ್ದನೂ ಡಬ್ಬಿ ತಂದಿದ್ದ. ನನ್ನ ಹೆಂಡತಿಯ ತವರಿನಲ್ಲಿ ಎಲ್ಲರೂ ಒಳ್ಳೆಯವರು, ಇವನೊಬ್ಬನನ್ನು ಬಿಟ್ಟು.

ಒಂದೊಂದಾಗಿ ಡಬ್ಬಿಗಳು ಮಾಳಿಗೆಯಿಂದ ಇಳಿದವು. ಬಹಳಷ್ಟು ಪಚಕ್ ಅಂದವು. ಹಾಲಸಿದ್ದನದು ಗುಂಡುಕಲ್ಲಿನ ಹಾಗೆ ಬಿತ್ತು, ಆದರೆ ಹುಲ್ಲು ಗಿಡಿದು ತುಂಬಿದ್ದ, ತತ್ತಿ ಉಳಿಯಿತು. ಸಾಹೇಬರು ಅದನ್ನು ಬಟ್ಟಲಲ್ಲಿ ಒಡೆದು, ಬೇಯಿಸಿದ್ದಲ್ಲ, ಹಸಿಯದೇ ಎಂದು ಎಲ್ಲರಿಗೂ ತೋರಿಸಿದರು. ಮರಿಬಸಪ್ಪ ಮೀಸೆ ಇಲ್ಲದಿದ್ದರೂ ತಿರುವಿಕೊಂಡ.

ಎಲ್ಲರದೂ ಆದ ಮೇಲೆ ಕೊನೆಗೆ ನಮ್ಮದು. ಪ್ಲಾಸ್ಟಿಕ್ ಅರಳಿತು ನೋಡಿ! ಮೇಲೆ ಯೂರಿಯಾ ಎಂಬ ಅಕ್ಷರ ಹೊಳೆಯುತ್ತ, ಡಬ್ಬಿ ತೂಗುತ್ತ ತೂಗುತ್ತ, ಅವಸರವೇ ಇಲ್ಲದೆ ಬಂದು ಅಂಗಳದ ನಡುವೆ ಕೂತಿತು. ಜನ ಚಪ್ಪಾಳೆ ಹೊಡೆದರು. ಸಾಹೇಬರು ಮುಚ್ಚಳ ತೆಗೆದರು. ಬಗ್ಗಿದವರು ಬಗ್ಗಿದ ಹಾಗೇ ನಿಂತರು.

ಅರಳೆಯ ನಡುವೆ ಎರಡು ಹೋಳು ಚಿಪ್ಪು. ಪಕ್ಕದಲ್ಲಿ ಒದ್ದೆ ಮೈಯ ಒಂದು ಕೋಳಿಮರಿ. ಅದು ಸಾಹೇಬರ ಮೀಸೆಯನ್ನು ನೋಡಿ ಚೀಂವ್ ಅಂತು.

"ನಾ ವಿಮಾನ ಭಾಳ ನೋಡೀನಿ" ಎಂದರು ಸಾಹೇಬರು. "ಏರಿದವರು ಒಬ್ಬರು, ಇಳಿದವರು ಇನ್ನೊಬ್ಬರು, ಇಂಥಾದ್ದು ನೋಡಿರಲಿಲ್ಲ."

ಮರಿಬಸಪ್ಪ ಹೊಟ್ಟೆ ಹಿಡಿದುಕೊಂಡ. "ಮಾವಾ, ವಿಮಾನ ಹಾರಸ್ರಿ ಅಂದ್ರ ಬಾಣಂತನ ಮಾಡಿಸೀರಲ್ಲರೀ!"

"ಲೇ ಮರಿಬಸ್ಯಾ, ಬಾಯಿ ಮುಚ್ಚಲೇ!" ಎಂದು ಅವನಿಗೂ, "ತತ್ತಿ ಹೊರಗಿಂದ ಒಡದಿಲ್ಲ, ಒಳಗಿಂದ ಒಡದೈತಿ! ಪ್ರಯಾಣಿಕ ಜೀವಂತ ಅದಾನಲ್ಲ, ಇನ್ನೇನ್ರಿ ಬೇಕು ನಿಮಗ?" ಎಂದು ಸಾಹೇಬರಿಗೂ ಒಟ್ಟಿಗೇ ಕೂಗಿದೆ.

"ಒಡದದ್ದು ಒಡದದ್ದೇ" ಎಂದರು ಸಾಹೇಬರು.

ನಾನು ಇನ್ನೂ ಜೋರಾಗಿ ಕೂಗುವುದರಲ್ಲಿದ್ದೆ. ಅಷ್ಟರಲ್ಲಿ ಗುರುಬಸಮ್ಮ ಮುಂದೆ ಬಂದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಸಾರ್, ನನ್ನ ಡಬ್ಬಿದು ತಪ್ಪಿಲ್ಲರಿ. ತಪ್ಪು ನಮ್ಮಪ್ಪಂದು. ನಮ್ಮ ಮನ್ಯಾಗ ಯಾರೂ ತತ್ತಿ ಕಂಡವರಲ್ಲ. ಡಬ್ಬಿಗೆ ಇನ್ನೊಂದ ಸಲ ಅವಕಾಶ ಕೊಡ್ರಿ."

ನನ್ನ ಹುಡುಗಿ, ನನ್ನ ಎದುರಿಗೇ! ತಪ್ಪು ಮೂಕಮ್ಮನ ಕೋಳಿಯದು, ಬುಟ್ಟಿ ತುಂಬಾ ಮೋಸ ಇಟ್ಟುಕೊಂಡು ಕೂತಿತ್ತು. ಆದರೆ ಸಾಹೇಬರು ನಕ್ಕುಬಿಟ್ಟರು. "ಆತು, ಒಂದೇ ಸಲ. ತತ್ತಿ ನಾವು ಕೊಡತೀವಿ. ಡಬ್ಬಿ ನೆಲ ಮುಟ್ಟೋತನಕ ಯಾರಾರ ಕೈ ಹಚ್ಚಿದ್ರ ಆಟ ಮುಗೀತು. ಮುಖ್ಯವಾಗಿ ನೀವು ಯಜಮಾನ್ರ" ಎಂದು ಕೋಳಿಮರಿಯನ್ನು ನನ್ನ ಅಂಗಿಯ ಜೇಬಿಗೆ ಇಳಿಸಿದರು.

ಮಗಳು ಮಾಳಿಗೆ ಹತ್ತಿದಳು. ಡಬ್ಬಿ ಬಿಟ್ಟಳು. ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು. ಡಬ್ಬಿ ಅಂಗಳ ಬಿಟ್ಟು ಜನ ನಿಂತ ಕಡೆಗೆ ತೇಲಿತು. ಕತ್ತೆತ್ತಿ ಬಾಯಿ ತೆರೆದು ನಿಂತಿದ್ದಾರೆ ಎಲ್ಲರೂ! "ಸರೀರಿ! ದೂರ ಸರೀರಿ! ಕಣ್ಣು ಕಾಣಂಗಿಲ್ಲೇನ್ರಿ?" ಎಂದು ನಾನು ಒಳನುಗ್ಗಿ ಎಲ್ಲರನ್ನೂ ಅಟ್ಟಿದೆ. ಎಲ್ಲರೂ ಸರಿದರು. ನಡುವೆ ನಾನೊಬ್ಬನೇ ಉಳಿದೆ.

ಡಬ್ಬಿ ಮೆಲ್ಲಗೆ ಬಂದು ನನ್ನ ರುಮಾಲಿನ ಮೇಲೆ ಕೂತಿತು. ಪ್ಲಾಸ್ಟಿಕ್ ಮುಖದ ಮೇಲೆ ಜೋತುಬಿತ್ತು.

"ಅಲ್ಲಾಡಬ್ಯಾಡ್ರಿ!" ಸಾಹೇಬರು ಕೂಗಿದರು.

"ಇದು ನಡಿಯಂಗಿಲ್ಲ!" ಮರಿಬಸಪ್ಪ ಹಾರಾಡಿದ. "ನೆಲಕ್ಕ ಬಿದ್ದಿಲ್ಲ, ಮಾವನ ತಲಿ ಮ್ಯಾಲೆ ಬಿದ್ದೈತಿ!"

ಸಾಹೇಬರು ಗಡಿಯಾರ ಒತ್ತಿದರು. "ಮರದ ಮ್ಯಾಲೆ ಬಿದ್ರ ಹೊತ್ತು ಅಲ್ಲಿಗೇ ನಿಲ್ಲತೈತಿ. ಹೊತ್ತಿನಾಗ ಈ ಹುಡುಗಿ ಎಲ್ಲರಿಗಿಂತ ಮುಂದ ಅದಾಳ. ಇನ್ನ ಡಬ್ಬಿ ತಾನಾಗಿ ನೆಲಕ್ಕ ಇಳೀಬೇಕು, ತತ್ತಿ ಉಳೀಬೇಕು. ಯಜಮಾನ್ರ, ಈಗ ನೀವು ಮರ."

"ನಾ ಮರಾನಾ?"

"ಮರ ಮಾತಾಡಂಗಿಲ್ಲ. ಗಾಳಿಗೆ ಬಗ್ಗಬಹುದು ಅಷ್ಟ."

ಬಗ್ಗತೊಡಗಿದೆ. ನನ್ನ ಜೀವಮಾನದಲ್ಲಿ ಯಾರಿಗೂ ಬಗ್ಗಿದವನಲ್ಲ ನಾನು. ಕತ್ತು ನೆಟ್ಟಗಿಟ್ಟುಕೊಂಡು ಒಂದು ಮೊಣಕಾಲು ಊರಿದೆ, ಇನ್ನೊಂದು ಊರಿದೆ. ಮರಿಬಸಪ್ಪನಿಗೆ ಗೊತ್ತಾಯಿತು, ಈ ಮರ ಮಾತಾಡುವ ಹಾಗಿಲ್ಲ, ಹೊಡೆಯುವ ಹಾಗೂ ಇಲ್ಲ. ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ.

"ಮಾವಾ, ನಿಮ್ಮ ಎಡದ ಎತ್ತು ಕುಂಟತೈತಂತ? ನಡೀಲಿ ಬಿಡ್ರಿ, ಯಜಮಾನನಂಗ ಅದೂ ಮುದುಕ ಆತು."

ನಾನು ಉಸಿರು ಬಿಗಿಹಿಡಿದೆ. ಡಬ್ಬಿ ಅಲುಗಿತು. ಮೇಲಿಂದ ಗುರುಬಸಮ್ಮ, "ಅಪ್ಪಾ, ಕೇಳಬ್ಯಾಡಪ್ಪಾ!" ಎಂದು ಕೂಗಿದಳು.

"ನಮ್ಮಕ್ಕನ ಮದುವ್ಯಾಗ ಉಪ್ಪಿಟ್ಟಿನ ಪಾತೇಲಿ ಖಾಲಿ ಮಾಡಿದ್ದು ನೀವೊಬ್ಬರೇ ಅಂತ ಕುರುಗೋಡಿನಾಗ ಇವತ್ತಿಗೂ ಹೇಳತಾರ."

ಎರಡೂ ಕೈ ನೆಲಕ್ಕೂರಿ ಹೊಟ್ಟೆಯ ಮೇಲೆ ಇಳಿಯುತ್ತಿದ್ದೆ. ಜೇಬಿನೊಳಗಿನ ಕೋಳಿಮರಿ ಹೊರಕ್ಕೆ ತಲೆ ಹಾಕಿ ಎದೆಗೆ ಕುಕ್ಕಿ ಚೀಂವ್ ಅಂತು.

"ಮರದಾಗ ಹಕ್ಕಿನೂ ಐತಿ ನೋಡ್ರೆಪಾ!" ಎಂದ ಮರಿಬಸಪ್ಪ. ಅಂಗಳವೆಲ್ಲ ನಕ್ಕಿತು. ನನ್ನ ಕಿವಿ ಕೆಂಡವಾಯಿತು, ಹಲ್ಲು ಕಟಕಟ ಅಂದವು. ಮರಿಯನ್ನು ಅಪ್ಪಚ್ಚಿ ಮಾಡಬಾರದೆಂದು ಪಕ್ಕಕ್ಕೆ ವಾಲಿ, ಮೊಣಕೈಯ ಮೇಲೆ ಇಳಿದು, ಗದ್ದ ಮಣ್ಣಿಗೆ ಹಚ್ಚಿ, ಕೂದಲೆಳೆಯಷ್ಟು ಹಣೆ ಬಾಗಿಸಿದೆ. ಡಬ್ಬಿ ರುಮಾಲಿನ ಮೇಲಿಂದ ಸರ್ರನೆ ಜಾರಿ ಧೂಳಿನಲ್ಲಿ ಕೂತಿತು.

ಸಾಹೇಬರು ಮುಚ್ಚಳ ತೆಗೆದು ಅರಳೆ ಸರಿಸಿ ತತ್ತಿ ಎತ್ತಿ ಹಿಡಿದರು. ಒಂದು ಗೀರು ಇಲ್ಲ. ಬಟ್ಟಲಿಗೆ ಒಡೆದು ಹಾಕಿದರು. ಹಸಿಯದೇ.

"ಸಿರುಗುಪ್ಪದ ಗುರುಬಸಮ್ಮ!" ಎಂದು ಕೂಗಿ ಹೇಳಿದರು.

ಮಗಳು ಮಾಳಿಗೆಯಿಂದ ಮೆಟ್ಟಿಲು ಹಾರುತ್ತ ಬಂದು ನನ್ನ ತೋಳು ಹಿಡಿದು ಎಳೆದಳು. "ಅಪ್ಪಾ, ನಾ ವಿಮಾನ ಹತ್ತತೀನಿ! ಅಪ್ಪಾ, ಗೆದ್ದಿವಿ!"

"ತಡಿ ಮಗಳ, ಒಂದ ನಿಮಿಷ" ಎಂದು ಮಣ್ಣು ಝಾಡಿಸಿಕೊಂಡು ಎದ್ದೆ. ಮರಿಬಸಪ್ಪ ಆಗಲೇ ಗೇಟಿನ ಕಡೆಗೆ ಜೋರಾಗಿ ಹೆಜ್ಜೆ ಹಾಕುತ್ತಿದ್ದ. "ಲೇ ಮರಿಬಸ್ಯಾ! ನಿಂದ್ರಲೇ! ಮರ ಈಗ ಮಾತಾಡತೈತಿ, ಕೇಳಿ ಹೋಗು!"