ವಿಳಾಸವಿಲ್ಲದ ಕ್ರೀಮು

ಭದ್ರಾವತಿಯ ಜನ್ನಾಪುರದಲ್ಲಿ ಮಹಾಂತಮ್ಮನ ಮನೆಗೆ ಸೊಸೆ ಬಂದಾಗ ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಸ್ವಲ್ಪ ಕಮ್ಮಿ. ಸೋಗಾನೆಯ ಹುಡುಗಿ ನವ್ಯಾ ಚಿಕ್ಕಂದಿನಿಂದ ಈ ಮಾತು ಕೇಳಿಯೇ ಬೆಳೆದವಳು, ನಕ್ಕು ಸುಮ್ಮನಾಗುತ್ತಿದ್ದಳು. ಸುಮ್ಮನಾಗದವರು ಅತ್ತೆ ಮಹಾಂತಮ್ಮ.

ಸೊಸೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಹೆಣ್ಣುಮಕ್ಕಳಿಲ್ಲದ ಮನೆ. ನವ್ಯಾಳ ತಲೆಗೆ ತಾವೇ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ಬೆಳ್ಳಗೆ ಮಾಡೋ ಕ್ರೀಮೊಂದನ್ನು ಅವಳ ಕೈಗಿಟ್ಟಿದ್ದೂ ಅದೇ ಪ್ರೀತಿಯಿಂದ.

ಮಹಾಂತಮ್ಮನ ಕೆನ್ನೆಯಲ್ಲಿ ಬಂಗಿನ ಕಪ್ಪು ಕಲೆ ಇತ್ತು. ಪಕ್ಕದ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಜಗದಾಂಬಾ, ಹೊರದೇಶದ ಮಾಲು ಅಂತ ಹೇಳಿ ಒಂದು ಪುಟ್ಟ ಡಬ್ಬಿ ಕೊಟ್ಟಿದ್ದಳು. ಕೆಲವೇ ವಾರದಲ್ಲಿ ಬಂಗು ಮಾಯವಾಯಿತು. ಇಷ್ಟು ಒಳ್ಳೆಯದನ್ನು ತಾನೊಬ್ಬಳೇ ಹಚ್ಚಿಕೊಂಡರೆ ಹೇಗೆ ಅಂತ ಸೊಸೆಗೂ ಒಂದು ಡಬ್ಬಿ ತರಿಸಿದರು. ಹಚ್ಚುವಾಗ ಚಿನ್ನ ತೆಗೆದಿಡಿ ಅಂತ ಜಗದಾಂಬಾ ಹೇಳಿದ್ದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಒಂದು ಸಲ ನವ್ಯಾ ಉಂಗುರ ತೆಗೆಯೋದು ಮರೆತಳು. ಉಂಗುರ ಬಿಳಚಿಕೊಂಡು ಬೂದಿ ಬಣ್ಣಕ್ಕೆ ತಿರುಗಿತು. ಬೀಗರು ಕೊಟ್ಟ ಚಿನ್ನವೇ ಅಷ್ಟಕ್ಕಷ್ಟೇ ಅಂತ ಮಹಾಂತಮ್ಮ ಮಗ ಚಂದ್ರುವಿನ ಹತ್ತಿರ ಗೊಣಗಿದರು.

ಆ ದಿನಗಳಲ್ಲೇ ವಿಮಲಾ ಊಟಕ್ಕೆ ಬಂದಿದ್ದರು. ಮಹಾಂತಮ್ಮನ ಜೊತೆ ಶಾಲೆ ಓದಿದವರು. ಸೋಪು, ಪೌಡರು ಮಾಡುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ, ರಿಟೈರಾಗಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದ್ದರು. ಕನ್ನಡಿ ಮುಂದಿದ್ದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾಡಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಒಳಗೆ ಏನೇನು ಹಾಕಿದ್ದಾರೆ ಅನ್ನೋದೂ ಇಲ್ಲ. ಇಷ್ಟು ಬೇಗ ಬೆಳ್ಳಗೆ ಮಾಡೋ ಕ್ರೀಮಿನಲ್ಲಿ ಪಾದರಸ ಇರಬಹುದು, ಅದನ್ನು ಕ್ರೀಮಿಗೆ ಹಾಕಬಾರದು ಅಂತ ಸರ್ಕಾರದ ಕಾನೂನೇ ಇದೆ ಅಂದರು.

ಮಹಾಂತಮ್ಮ ಒಪ್ಪಲಿಲ್ಲ. "ನನ್ನ ಬಂಗು ಹೋಗಿರೋದು ಕಣ್ಣಿಗೆ ಕಾಣ್ತಿದೆಯಲ್ಲ ಮಾರಾಯ್ತಿ. ಲ್ಯಾಬಲ್ಲಿದ್ದು ಇದ್ದು ನಿನಗೆ ಎಲ್ಲದರಲ್ಲೂ ವಿಷವೇ ಕಾಣುತ್ತೆ."

"ನಾವು ಒಂದು ಕ್ರೀಮು ಅಂಗಡಿಗೆ ಬಿಡೋಕೆ ಮುಂಚೆ ಎಷ್ಟು ಪರೀಕ್ಷೆ ಮಾಡ್ತಿದ್ವಿ ಗೊತ್ತಾ?" ಅಂದರು ವಿಮಲಾ. "ಇದನ್ನ ಯಾರೂ ಪರೀಕ್ಷೆ ಮಾಡಿಲ್ಲ. ಪರೀಕ್ಷೆ ಈಗ ನಿಮ್ಮ ಮೈಮೇಲೇ ನಡೀತಾ ಇದೆ."

ಮಹಾಂತಮ್ಮ ಪಾಯಸ ಬಡಿಸಿ ಮಾತು ಬದಲಾಯಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ನವ್ಯಾಳ ಕಣ್ಣಿನ ಕೆಳಗೆ ಬೆಳಗಾದರೆ ಊತ. ಕಾಲಿನ ಗೆಜ್ಜೆ ಬಿಗಿಯಾಯಿತು. ಮೂತ್ರದಲ್ಲಿ ಸೋಪಿನ ಹಾಗೆ ನೊರೆ. ಬಸುರಿರಬೇಕು ಅಂತ ಮನೆಯವರು ಒಳಗೊಳಗೇ ಸಂಭ್ರಮಪಟ್ಟರು. ಅಲ್ಲ ಅಂತ ಗೊತ್ತಾದ ಮೇಲೆ ಚಂದ್ರು ಅವಳನ್ನು ಶಿವಮೊಗ್ಗದ ಸವಳಂಗ ರಸ್ತೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮಹಾಂತಮ್ಮನೂ ಹೋದರು. ಕಿಡ್ನಿ ಸೋರುತ್ತಿದೆ, ಮೈಯ ಸತ್ವವೆಲ್ಲ ಮೂತ್ರದಲ್ಲಿ ಹೋಗುತ್ತಿದೆ ಅಂದರು ಡಾಕ್ಟರು. ನಾಟಿ ಔಷಧಿ ಏನಾದರೂ ತಗೊಂಡಿದ್ದೀಯಾ, ಮುಖಕ್ಕೆ ಏನಾದರೂ ಹಚ್ಚುತ್ತೀಯಾ ಅಂತ ಕೇಳಿದರು.

ನವ್ಯಾ ಬಾಯಿ ತೆರೆದಳು. ಅಷ್ಟರಲ್ಲಿ ಮಹಾಂತಮ್ಮ ಹೇಳಿಬಿಟ್ಟರು: "ಏನೂ ಇಲ್ಲ ಡಾಕ್ಟ್ರೇ. ಬರೀ ಕಡ್ಲೆಹಿಟ್ಟು."

ಸೊಸೆಯನ್ನು ಬೆಳ್ಳಗೆ ಮಾಡಲು ಹೊರಟ ಅತ್ತೆ ಅಂತ ಡಾಕ್ಟರು ಅಂದುಕೊಂಡಾರು ಅನ್ನೋ ನಾಚಿಕೆ, ಅಷ್ಟೇ. ನವ್ಯಾ ಒಮ್ಮೆ ಅತ್ತೆಯ ಮುಖ ನೋಡಿ ತಲೆ ತಗ್ಗಿಸಿದಳು.

ಮಾತ್ರೆ ಶುರುವಾಯಿತು. ಮಾತ್ರೆಗೆ ಮುಖ ಊದಿ ಕಳೆಗುಂದಿತು. ಕಳೆ ಬರಲಿ ಅಂತ ನವ್ಯಾ ಆ ಕ್ರೀಮನ್ನೇ ಇನ್ನಷ್ಟು ಹಚ್ಚಿಕೊಂಡಳು. ಒಂದು ಕಡೆ ಔಷಧಿ, ಇನ್ನೊಂದು ಕಡೆ ವಿಷ. ಹೀಗೇ ತಿಂಗಳುಗಳು ಕಳೆದು, ಕೊನೆಗೆ ಅವಳು ಆಸ್ಪತ್ರೆಯ ಮಂಚ ಹಿಡಿದಳು. ನೋಡಲು ಬಂದ ವಿಮಲಾಗೆ ಬಾಚಣಿಗೆ ಪಕ್ಕದಲ್ಲಿ ಅದೇ ಡಬ್ಬಿ ಕಂಡಿತು. ಯಾರನ್ನೂ ಕೇಳದೆ ಅದನ್ನೆತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟರು.

ನವ್ಯಾಳ ರಕ್ತದಲ್ಲೂ ಪಾದರಸ ಸಿಕ್ಕಿತು, ಡಬ್ಬಿಯಲ್ಲೂ ಸಿಕ್ಕಿತು. ಚಿನ್ನದ ಉಂಗುರ ಬಿಳಚಿಕೊಂಡಿದ್ದೂ ಅದೇ ಪಾದರಸ ತಾಗಿ. ಬೇಗ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕಿಡ್ನಿ ಸುಧಾರಿಸುತ್ತದೆ, ನವ್ಯಾಳ ವಿಷಯದಲ್ಲಿ ತಡವಾಗಿದೆ ಅಂದರು ಡಾಕ್ಟರು.

ಆ ಸಂಜೆ ನವ್ಯಾ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು. "ಅವತ್ತೇ ಡಾಕ್ಟ್ರಿಗೆ ಹೇಳ್ಬೇಕು ಅಂತಿದ್ದೆ ಅತ್ತೆ. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಾದೆ."

ಬೈದಿದ್ದರೆ ಮಹಾಂತಮ್ಮ ತಡೆದುಕೊಳ್ಳುತ್ತಿದ್ದರೋ ಏನೋ. ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಪಾದರಸ ಇತ್ತು, ಕಿಡ್ನಿಗೆ ಏನೂ ಆಗಿರಲಿಲ್ಲ. ಒಬ್ಬರಿಗೆ ಬಂದಿದ್ದು ಇನ್ನೊಬ್ಬರಿಗೆ ಯಾಕೆ ಬರಲಿಲ್ಲ ಅಂತ ಡಾಕ್ಟರಿಗೂ ಹೇಳಲಾಗಲಿಲ್ಲ. ತಾನು ಗಟ್ಟಿಯಾಗಿದ್ದೇನೆ ಅಂತ ತಿಳಿದು ಆ ಹೆಂಗಸು ಅತ್ತ ಹಾಗೆ ಯಾರೂ ಅತ್ತಿರಲಿಕ್ಕಿಲ್ಲ.

ಚಂದ್ರು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟ. ಅಧಿಕಾರಿಗಳು ಪಾರ್ಲರಿಗೆ ಬಂದರು. ಜಗದಾಂಬಾ ತನ್ನ ಮುಖಕ್ಕೂ ಅದನ್ನೇ ಹಚ್ಚುತ್ತಿದ್ದಳು. ತಂದುಕೊಡುತ್ತಿದ್ದವನ ಊರು, ಪೂರ್ತಿ ಹೆಸರು ಅವಳಿಗೂ ಗೊತ್ತಿಲ್ಲ. ಅವನ ಫೋನು ಸ್ವಿಚ್ ಆಫ್. ಪಾರ್ಲರ್ ಮುಚ್ಚಿತು. ಅಂಥದೇ ಕ್ರೀಮು ಬೇರೆ ಬಣ್ಣದ ಡಬ್ಬಿಯಲ್ಲಿ ಮೊಬೈಲಿನ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದೆ.

ನವ್ಯಾ ಈಗ ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಹೋಗಿ ಬರುತ್ತಾಳೆ. ಮಗುವಿನ ಆಸೆ ಸದ್ಯಕ್ಕೆ ಬೇಡ ಅಂದಿದ್ದಾರೆ. ಸದ್ಯಕ್ಕೆ ಅಂದರೆ ಎಷ್ಟು ದಿನ ಅಂತ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಮಹಾಂತಮ್ಮ ಸ್ವಸಹಾಯ ಸಂಘಗಳಿಗೆ ಹೋಗಿ ಇದೆಲ್ಲವನ್ನೂ ಹೇಳುತ್ತಾರೆ. ಕಡ್ಲೆಹಿಟ್ಟಿನ ಸುಳ್ಳನ್ನೂ ಬಿಡುವುದಿಲ್ಲ. ಮೊನ್ನೆ ಹೀಗೇ ಹೇಳಿ ಮುಗಿಸಿ ಚಪ್ಪಲಿ ಮೆಟ್ಟುವಾಗ ಒಬ್ಬ ತಾಯಿ ಪಕ್ಕಕ್ಕೆ ಕರೆದಳು. ಮಗಳಿಗೆ ಗಂಡು ನೋಡಲು ಬರುತ್ತಾರಂತೆ. ದನಿ ತಗ್ಗಿಸಿ ಕೇಳಿದಳು: "ಆ ಕ್ರೀಮು ಎಲ್ಲಿ ಸಿಗುತ್ತೆ ಅಮ್ಮ? ನಾವು ಸ್ವಲ್ಪ ದಿನ ಮಾತ್ರ ಹಚ್ತೀವಿ."

ಇದನ್ನು ಓದುತ್ತಿರುವ ಅಕ್ಕ, ಅಮ್ಮ, ಅಣ್ಣ, ನೀವು ಹಾಗೆ ಕೇಳಬೇಡಿ. ಕ್ರೀಮು ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ನೋಡಿ. ಮಾಡಿದವರ ಹೆಸರು, ಪೂರ್ತಿ ವಿಳಾಸ, ಲೈಸೆನ್ಸ್ ನಂಬರು, ಒಳಗೇನಿದೆ ಅನ್ನೋದು, ಯಾವ ತಾರೀಖಿನವರೆಗೆ ಬಳಸಬಹುದು ಅನ್ನೋದು ಇರಲೇಬೇಕು. ಹೊರದೇಶದ್ದಾದರೆ ತರಿಸಿದವರ ವಿಳಾಸ, ನೋಂದಣಿ ನಂಬರು ಇರಬೇಕು. ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಎಲ್ಲ ಬರೆದಿದ್ದರೂ, ನಾಲ್ಕು ದಿನದಲ್ಲಿ ಬೆಳ್ಳಗಾಗ್ತೀರಿ ಅಂದರೆ, ಚಿನ್ನ ತೆಗೆದಿಡಿ ಅಂದರೆ, ನಂಬಬೇಡಿ. ಈಗಾಗಲೇ ಹಚ್ಚುತ್ತಿದ್ದು ಊತವೋ ನೊರೆಯೋ ಕಂಡರೆ ಇವತ್ತೇ ನಿಲ್ಲಿಸಿ. ಡಬ್ಬಿ ಎಸೆಯದೆ ಡಾಕ್ಟರ ಹತ್ತಿರ ಒಯ್ಯಿರಿ, ಔಷಧ ನಿಯಂತ್ರಣ ಇಲಾಖೆಗೂ ತಿಳಿಸಿ. ಡಾಕ್ಟರು ಕೇಳಿದಾಗ ನಿಜ ಹೇಳಿ. ಮಗಳೋ ಸೊಸೆಯೋ ಹೇಳಲು ಬಾಯಿ ತೆರೆದರೆ, ದಯವಿಟ್ಟು ಅವಳಿಗೆ ಮಾತಾಡಲು ಬಿಡಿ.